ಮಗಳ ಕ್ಯಾಂಪಿಗೆ ಕರೆಯದೆ ಹೋದದ್ದು

ಬೇರೆಯವರ ಮಕ್ಕಳನ್ನು ಬೆಳೆಸುವುದು ಬಹಳ ಸುಲಭ. ಇಪ್ಪತ್ತು ವರ್ಷಗಳಿಂದ ನಾನು ಅದನ್ನೇ ಮಾಡಿಕೊಂಡು ಬಂದಿದ್ದೇನೆ. ವಿಜಯನಗರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ನಾನು, ಪೋಷಕರ ಸಭೆ ಬಂತೆಂದರೆ ಮೈಕು ಹಿಡಿದು, ‘ಮಕ್ಕಳನ್ನು ಬಿಡಿ, ಬೀಳಲಿ, ಏಳಲಿ, ಕಲಿಯಲಿ’ ಎಂದು ಗಂಟಲು ಹರಿಯುವಂತೆ ಹೇಳುತ್ತೇನೆ. ಅಮ್ಮಂದಿರು ತಲೆಯಾಡಿಸುತ್ತಾರೆ, ಅಪ್ಪಂದಿರು ಮೊಬೈಲು ನೋಡುತ್ತಾರೆ. ನನ್ನ ಹೆಂಡತಿ ಸುಮಾ ಒಮ್ಮೆ ಈ ಭಾಷಣ ಕೇಳಿ ಮನೆಗೆ ಬಂದವಳು, “ಆ ಮೇಷ್ಟ್ರು ಯಾರ್ರೀ? ಎಷ್ಟ್ ಚೆನ್ನಾಗಿ ಮಾತಾಡಿದ್ರು! ಒಂದ್ಸಲ ನಮ್ಮನೆಗೂ ಕರೀರಿ” ಎಂದಳು. ಅದು ಹೊಗಳಿಕೆಯೆಂದೇ ನಾನು ಬಹಳ ದಿನ ನಂಬಿಕೊಂಡಿದ್ದೆ.

ನಮ್ಮ ಒಬ್ಬಳೇ ಮಗಳು ಅನುಷಾ ಬಿಕಾಂ ಎರಡನೇ ವರ್ಷದಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ಎಲ್ಲರೂ ಒಂದು ಇಂಟರ್ನ್‌ಶಿಪ್ ಮಾಡಿಕೊಂಡು ಬರಬೇಕೆಂದು ಅವಳ ಕಾಲೇಜಿನವರು ಹೇಳಿದರು. ಅವಳ ಗೆಳತಿಯರೆಲ್ಲ ಏಸಿ ಇರುವ ಆಫೀಸು ಹುಡುಕಿಕೊಂಡರೆ, ಇವಳು ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಯನ್ನೂ ದಾಟಿ ಒಂದು ಮಾವಿನ ತೋಪನ್ನು ಹುಡುಕಿಕೊಂಡಳು. ಅಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ: ಟೆಂಟು ಹಾಕುವುದು, ಹಗ್ಗದ ಸೇತುವೆ ದಾಟುವುದು, ಒಲೆ ಹಚ್ಚಿ ಅನ್ನ ಮಾಡುವುದು. ಮಕ್ಕಳನ್ನು ನೋಡಿಕೊಳ್ಳಲು ಕಾಲೇಜು ಹುಡುಗ ಹುಡುಗಿಯರು. “ಬಿಕಾಂ ಓದಿ ಮರ ಹತ್ತಿಸ್ತೀಯೇನೇ?” ಎಂದೆ. “ಆಫೀಸಲ್ಲಾದ್ರೆ ಒಂದು ತಿಂಗಳು ಜೆರಾಕ್ಸ್ ತೆಗೆಸ್ತಾರೆ. ಇಲ್ಲಿ ಮನುಷ್ಯರನ್ನ ನಿಭಾಯಿಸೋದು ಕಲೀತೀನಿ ಕಣಪ್ಪಾ” ಎಂದಳು. ಒಂಬತ್ತು ಗಂಟೆಯಾದರೂ ಹಾಸಿಗೆ ಬಿಡದ ಹುಡುಗಿ ಯಾರನ್ನು ನಿಭಾಯಿಸುತ್ತಾಳೆ ಎಂದು ನನಗೆ ನಗು ಬಂತು. ಪೋಷಕರ ಒಪ್ಪಿಗೆ ಪತ್ರದಲ್ಲಿ ‘ಆರೋಗ್ಯ ಸಮಸ್ಯೆಗಳು’ ಎಂಬ ಕಡೆ, ‘ಬೆಳಿಗ್ಗೆ ಎಬ್ಬಿಸುವುದು ಕಷ್ಟ, ಹಸಿದರೆ ಸಿಟ್ಟು ಬರುತ್ತದೆ’ ಎಂದು ಬರೆದುಕೊಟ್ಟೆ. ಸುಮಾ ಅದನ್ನು ಹರಿದು ಹಾಕಿ ಹೊಸ ಪತ್ರ ತರಿಸಿದಳು.

ಹೊರಡುವಾಗ ಅನುಷಾ ನನ್ನ ಮುಂದೆ ನಿಂತು ಹೇಳಿದ್ದು ಒಂದೇ ಮಾತು. “ಅಪ್ಪಾ, ಒಂದು ವಾರ ನೋಡಿ ಆಮೇಲೆ ಯಾರನ್ನ ಇಟ್ಕೋಬೇಕು ಅಂತ ಹೇಳ್ತಾರಂತೆ. ಮಕ್ಕಳ ಅಪ್ಪ ಅಮ್ಮನೇ ಭಾನುವಾರದವರೆಗೂ ಬರೋ ಹಾಗಿಲ್ಲ. ನೀನು ಬಂದ್ರೆ ನನ್ನ ಮಾನಾನೂ ಹೋಗುತ್ತೆ, ಕೆಲ್ಸಾನೂ ಹೋಗುತ್ತೆ.” ನಾನು ದೇವರಾಣೆಗೂ ಬರುವುದಿಲ್ಲ ಎಂದೆ. ಮೂರು ದಿನ ಹೋಗಲೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವಳ ಕೋಣೆಯಲ್ಲಿ ಮರೆತುಹೋದ ಸ್ವೆಟರ್ ಕಣ್ಣಿಗೆ ಬಿತ್ತು. ಮೇ ತಿಂಗಳಲ್ಲಿ ಅದು ಮರೆತದ್ದಲ್ಲ, ಬೇಡವೆಂದು ಬಿಟ್ಟುಹೋದದ್ದು ಎಂದು ಭೌತಶಾಸ್ತ್ರ ಓದಿದವನಿಗೆ ಹೊಳೆಯಬೇಕಿತ್ತು. ಸಹೋದ್ಯೋಗಿಯ ಗೃಹಪ್ರವೇಶವಿದೆ ಎಂದು ಸುಮಾಗೆ ಹೇಳಿ ಸ್ಕೂಟರ್ ಹತ್ತಿದೆ. “ಗೃಹಪ್ರವೇಶಕ್ಕೆ ಸ್ವೆಟರ್ ಯಾಕ್ರೀ?” ಎಂದು ಅವಳು ಕೇಳುವಷ್ಟರಲ್ಲಿ ನಾನು ಹೊಸಹಳ್ಳಿ ಮೆಟ್ರೊ ದಾಟಿದ್ದೆ. ಇದು ಅವಳು ಆಮೇಲೆ ಹೇಳಿದ್ದು.

ಶಿಬಿರದ ಗೇಟಿನಲ್ಲಿ ಕಾವಲಿನವನು ತಡೆದು, “ಪೇರೆಂಟಾ ಸಾರ್? ಭಾನುವಾರ ಬನ್ನಿ” ಎಂದ. “ನಾನು ಮಕ್ಕಳ ಪೇರೆಂಟ್ ಅಲ್ಲ, ಇಂಟರ್ನ್ ಪೇರೆಂಟು” ಎಂದೆ. ಅವನು ನನ್ನನ್ನೂ ಸ್ವೆಟರನ್ನೂ ನೋಡಿ, “ಇಷ್ಟ್ ವರ್ಷದಲ್ಲಿ ಇಂಟರ್ನ್ ಪೇರೆಂಟ್ ಅಂತ ನೋಡ್ತಿರೋದು ಇದೇ ಫಸ್ಟು ಸಾರ್” ಎಂದು ಒಳಗೆ ಹೇಳಿ ಕಳಿಸಿದ. ಅನುಷಾ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕೊರಳಲ್ಲಿ ಸೀಟಿ, ಮಂಡಿಗೆ ಮಣ್ಣು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಮರದ ಕೆಳಗೆ ಕೂರಿಸಿ, ಟೆಂಟಿನ ಹಗ್ಗಗಳ ಒಂದು ದೊಡ್ಡ ಗೋಜಲನ್ನು ತಂದು ತೊಡೆಯ ಮೇಲೆ ಹಾಕಿ, “ಇದನ್ನ ಸ್ವಲ್ಪ ಬಿಡಿಸ್ತಿರಪ್ಪಾ, ಬರ್ತೀನಿ” ಎಂದು ಹೋದಳು. ನನ್ನಿಂದ ಉಪಯೋಗವಾಯಿತಲ್ಲ ಎಂದು ನನಗೆ ಜಂಬವೇ ಬಂತು.

ಎದುರಿಗೆ ಹಗ್ಗದ ಸೇತುವೆಯಿತ್ತು. ಕೆಳಗೆ ಬಲೆ ಕಟ್ಟಿದ್ದರೂ ಒಬ್ಬ ಪುಟ್ಟ ಹುಡುಗ ನಟ್ಟನಡುವೆ ನಿಂತು, “ಆಗಲ್ಲ ಅಕ್ಕಾ!” ಎಂದು ಕಿರುಚುತ್ತಿದ್ದ. ನಾನಾಗಿದ್ದರೆ ಓಡಿಹೋಗಿ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಏಳಲು ಹೋದೆ, ಕಾಲಿಗೆಲ್ಲ ಹಗ್ಗ ಸುತ್ತಿಕೊಂಡಿತ್ತು. ಅನುಷಾ ಕೆಳಗೆ ನಿಂತು, ಕೈ ಕೂಡ ಚಾಚದೆ, “ಎಡಗಾಲು ಮಾತ್ರ ಯೋಚ್ನೆ ಮಾಡು. ಬಲಗಾಲನ್ನ ಆಮೇಲೆ ನೋಡೋಣ” ಎಂದಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಅವನು ಒಂದೊಂದೇ ಹೆಜ್ಜೆಯಿಟ್ಟು ದಾಟಿದ. ಅವನು ಕುಣಿದಾಡಿದ್ದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷ ಮೈಕಿನಲ್ಲಿ ಹೇಳಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಶಿಬಿರದ ಮುಖ್ಯಸ್ಥರು ಅತ್ತ ಬಂದವರು, “ಇವರ್ಯಾರು?” ಎಂದು ಕೇಳಿದರು. ಅವಳ ಕೆಲಸ ಹೋಯಿತೆಂದೇ ಅಂದುಕೊಂಡೆ. “ನಮ್ಮಪ್ಪ ಸಾರ್, ನಾನು ನೋಡ್ಕೋತೀನಿ” ಎಂದಳು ಅನುಷಾ. ಅವರು ನನ್ನ ತೊಡೆಯ ಮೇಲಿನ ಹಗ್ಗ ನೋಡಿ ಮುಗುಳ್ನಕ್ಕು, “ಓ, ಇವರಿಗೂ ಶುರು ಮಾಡಿದೀಯಾ? ಸರಿ. ಸೋಮವಾರದಿಂದ ಚಿಕ್ಕ ಮಕ್ಕಳ ಗುಂಪು ಪೂರ್ತಿ ನಿಂದೇ ಕಣಮ್ಮ” ಎಂದು ಹೊರಟುಹೋದರು. ಅವರು ನಕ್ಕದ್ದೇಕೆಂದು ನನಗೆ ತಿಳಿಯಲಿಲ್ಲ.

ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಒಂದು ಪುಟ್ಟ ಹಗ್ಗ ಹಿಡಿದು ಕೂತಿದ್ದಳು. ನನ್ನನ್ನೇ ನೋಡುತ್ತ, “ಅಂಕಲ್, ನೀವೂ ತುಂಬಾ ಅತ್ರಾ?” ಎಂದಳು.

“ಇಲ್ವಲ್ಲಮ್ಮ. ಯಾಕೆ?”

“ಮನೆಯವ್ರನ್ನ ನೆನೆಸ್ಕೊಂಡು ಅಳೋರಿಗೇ ಅನು ಅಕ್ಕ ಹಗ್ಗ ಕೊಡೋದು. ಬಿಡಿಸ್ತಾ ಬಿಡಿಸ್ತಾ ಅಳು ಮರ್ತೋಗುತ್ತೆ. ನಿಮ್ಗೆ ಮೊದಲನೇ ದಿನ ಅಲ್ವಾ? ಅದಕ್ಕೇ ಇಷ್ಟು ದೊಡ್ಡದು ಕೊಟ್ಟಿದಾರೆ.”

ಅನುಷಾ ನನ್ನನ್ನು ಗೇಟಿನವರೆಗೂ ಬಿಡಲು ಬಂದಳು. ಸ್ಕೂಟರ್ ಸ್ಟಾರ್ಟ್ ಮಾಡಿದವನು ನಿಲ್ಲಿಸಿ, ಆ ಹಗ್ಗ ಇನ್ನೂ ಅರ್ಧದಷ್ಟು ಬಾಕಿಯಿದೆ, ಮನೆಗೆ ತೆಗೆದುಕೊಂಡು ಹೋಗಲೇ ಎಂದು ಕೇಳಿದೆ.