ಧಾಬಳಿ ಚೀಲದ ಖಜಾನೆ

ಠಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಠಪ್. ಕಾಶಿಯಲ್ಲಿ, ಅಸ್ಸಿ ಘಾಟಿನ ನಮ್ಮ ಗಲ್ಲಿಯಲ್ಲಿ ಬೆಳಗಾಗುವುದು ಹೀಗೆ. ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿದವರು ಮಣ್ಣಿನ ಕುಲ್ಹಡನ್ನು ಡಬ್ಬಕ್ಕೆ ಎಸೆಯುವ ಸದ್ದು ಅದು. ಮದುವೆಯಾಗಿ ಬಂದ ಹೊಸದರಲ್ಲಿ ಪ್ರತಿ ಠಪ್‌ಗೂ ಬೆಚ್ಚುತ್ತಿದ್ದೆ, ಅಡುಗೆಮನೆಯಲ್ಲಿ ನಾನೇ ಏನೋ ಒಡೆದೆನೇನೋ ಎಂದು. ಈಗ ಒಂದು ದಿನ ಅದು ಕೇಳದಿದ್ದರೆ ಗಂಗೆಯೇ ಹರಿಯುವುದನ್ನು ನಿಲ್ಲಿಸಿದಳೇನೋ ಅನ್ನಿಸುತ್ತದೆ.

ಅಂಥದೊಂದು ಬೆಳಗ್ಗೆ, ಹನ್ನೊಂದನೆಯ ಠಪ್‌ಗೆ ಸರಿಯಾಗಿ ನಾನು ಘೋಷಿಸಿದೆ: "ನೇಪಾಳ ಯಾತ್ರೆಯ ಹಣಕಾಸು ಪೂರ್ತಿ ನನ್ನ ಕೈಗೆ!"

ನನ್ನ ಗಂಡ ಸುಮಧ್ವ ಪೇಪರಿನಿಂದ ತಲೆ ಎತ್ತಲಿಲ್ಲ. "ಗೃಹಖಾತೆ ಆಗಲೇ ನಿನ್ನದು. ವಿದೇಶಾಂಗವೂ ಇರಲಿ ಬಿಡು."

"ತಮಾಷೆ ಅಲ್ಲ ರೀ. ಅಯೋಧ್ಯೆಯಲ್ಲಿ ಒಂದೇ ಆಟೋಗೆ ಎರಡು ಸಲ ದುಡ್ಡು ಕೊಟ್ಟವರು ಯಾರು?"

"ಅರೇ, ಅವನು ಅಷ್ಟು ಪ್ರೀತಿಯಿಂದ ಕೇಳಿದ!"

"ನೇಪಾಳದಲ್ಲೂ ಪ್ರೀತಿಯಿಂದಲೇ ಕೇಳ್ತಾರೆ. ಅದಕ್ಕೇ ನಿಮ್ಮ ಪರ್ಸಲ್ಲಿ ಒಂದು ರೂಪಾಯಿಯೂ ಇರಕೂಡದು."

ಹರಿಹರದ ನಮ್ಮ ಕಾಲೇಜಿನಲ್ಲಿ ನಾನು ಬಿ.ಕಾಂ. ಓದಿದವಳು. ಕಾಸ್ಟ್ ಅಕೌಂಟಿಂಗ್‌ನಲ್ಲಿ ತೊಂಬತ್ತೆರಡು! ಆ ತೊಂಬತ್ತೆರಡು ಮದುವೆಯಾದಾಗಿನಿಂದ ಸಾಸಿವೆ ಡಬ್ಬಿಯ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಈಗ ಅದಕ್ಕೊಂದು ಅಂತರರಾಷ್ಟ್ರೀಯ ಗಡಿಯೇ ಸಿಕ್ಕಿತ್ತು.

ಯಾತ್ರೆ ಮಾತ್ರ ನನ್ನದಲ್ಲ, ನನ್ನ ಅತ್ತೆ ಅಂಬುಜಾಕ್ಷಿಯವರದು. ಮಾವ ರಾಮಚಂದ್ರಾಚಾರ್ಯರು ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವವರು. ಅವರ ಅಪ್ಪನ ಕಾಲದಿಂದಲೂ ಮನೆತನದ ಕೆಲಸ ಅದೇ. ಬಂದವರಲ್ಲಿ ಕೆಲವರು ಇಲ್ಲಿಂದಲೇ ನೇಪಾಳದ ಮುಕ್ತಿನಾಥಕ್ಕೆ ಹೋಗಿ, ಮತ್ತೆ ನಮ್ಮ ಮನೆಗೇ ಬಂದು ಊಟ ಮಾಡಿ ಊರಿಗೆ ಹೊರಡುತ್ತಾರೆ. ಅವರಿಗೆಲ್ಲ ನಲವತ್ತು ವರ್ಷದಿಂದ ದಾರಿಗೆ ಅವಲಕ್ಕಿ ಕಟ್ಟಿಕೊಟ್ಟವರು ಅತ್ತೆ. ಅಲ್ಲಿಯ ನೂರೆಂಟು ನೀರಿನ ಧಾರೆಗಳ ಬಗ್ಗೆ, ಚಳಿಯ ಬಗ್ಗೆ ಬಾಗಿಲಲ್ಲಿ ನಿಂತು ಕೇಳಿದವರು. ತಾವು ಹೋದವರಲ್ಲ. ಮಾವ ಪ್ರತಿ ವರ್ಷ "ಮುಂದಿನ ವರ್ಷ" ಅನ್ನುತ್ತಿದ್ದರು. ಈಗ ಅತ್ತೆಯ ಮಂಡಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ಮೇಲೆ, ಆ ಮುಂದಿನ ವರ್ಷ ಇದೇ ವರ್ಷವಾಗಬೇಕಾಯಿತು.

ಬೆಟ್ಟದ ದಾರಿಯ ಎರಡು ದಿನದ ಕುಲುಕಾಟವನ್ನು ಆ ಮಂಡಿಗಳು ತಾಳುವುದಿಲ್ಲ. ಆದ್ದರಿಂದ ಪೋಖ್ರಾದಿಂದ ಮೇಲಕ್ಕೆ ಸಣ್ಣ ವಿಮಾನದಲ್ಲಿ, ಯಾತ್ರಿಕರನ್ನು ಬಿಟ್ಟು ಬರಲಾಗದ ಮಾವನನ್ನುಳಿದು, ನಮ್ಮ ಮೂವರಿಗೆ ಸೀಟು ಹಿಡಿದಿದ್ದೆವು. ಬೆಳಗ್ಗೆ ಆರೂವರೆಗೆ. ತಪ್ಪಿದರೆ ದುಡ್ಡೂ ಇಲ್ಲ, ಸೀಟೂ ಇಲ್ಲ.

ನನ್ನ ಸಿದ್ಧತೆ ಒಂದು ಪಂಚವಾರ್ಷಿಕ ಯೋಜನೆಯಷ್ಟು ದೊಡ್ಡದಾಗಿತ್ತು. ನೇಪಾಳದಲ್ಲಿ ನಮ್ಮ ನೂರರ ನೋಟು ಸಲೀಸಾಗಿ ನಡೆಯುತ್ತದೆ, ಐನೂರು ತೋರಿಸಿದರೆ ಮುಖ ತಿರುಗಿಸುತ್ತಾರೆ ಎಂದು ಹೋಗಿಬಂದವರು ಹೇಳಿದ್ದರು. ಪುರೋಹಿತರ ಮನೆಯಲ್ಲಿ ನೂರರ ನೋಟಿಗೇನು ಬರ! ನೂರಾ ಒಂದರ ದಕ್ಷಿಣೆ ಬರುವ ಮನೆ. ಮಾವನ ಪೆಟ್ಟಿಗೆಯಲ್ಲಿ ಐನೂರರ ನೋಟುಗಳನ್ನಿಟ್ಟು ನೂರರವನ್ನು ತೆಗೆದೆ.

ಒಂದು ಸಂಜೆ ಈ ಕೆಲಸ ನಡೆದಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. "ಸಾತ್ವಿಕಾ, ನನ್ನ ಹತ್ರ ಒಂದಿಷ್ಟು..."

"ನೀವು ಯೋಚನೆ ಮಾಡಬೇಡಿ ಅತ್ತೆ! ನಾನಿದ್ದೀನಲ್ಲ!"

ಅತ್ತೆ ಬತ್ತಿ ಹೊಸೆದರು.

ಆಗಲೇ ಮಾವ ಹೊರಗಿನಿಂದ ಬಂದು ಮೇಲುವಸ್ತ್ರ ಕೊಡವಿದರು. "ನೋಡೇ, ಇವತ್ತೂ ಒಬ್ಬರು ಮುಕ್ತಿನಾಥದಿಂದ ಬಂದವರು ಉಳಿದ ನೇಪಾಳದ ನೋಟನ್ನ ದಕ್ಷಿಣೆ ತಟ್ಟೆಗೆ ಹಾಕಿ ಹೋದರು. ಹಾಲಿನವನಿಗೂ ನಡೆಯಲ್ಲ, ಸಬ್ಜಿಯವನಿಗೂ ನಡೆಯಲ್ಲ. ಇದನ್ನಿಟ್ಟುಕೊಂಡು ಏನು ಮಾಡಲಿ?"

ಅತ್ತೆ ಕೈ ಚಾಚಿ ಆ ನೋಟನ್ನು ತೆಗೆದುಕೊಂಡು ಒಳಗೆ ಹೋದರು. ಒಲೆಗೆ ಹಾಕುತ್ತಾರೆ ಅಂದುಕೊಂಡೆ. ನನಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು: ಇಷ್ಟು ಹಣ ಎಲ್ಲಿಡುವುದು?

ಸೂಟ್‌ಕೇಸ್? ಕಳ್ಳರು ಮೊದಲು ಅದನ್ನೇ ಒಯ್ಯುತ್ತಾರೆ. ನನ್ನ ಹ್ಯಾಂಡ್‌ಬ್ಯಾಗ್? ಅದರಲ್ಲಿ ಸುಮಧ್ವ ಬಾಚಣಿಗೆ ಹುಡುಕುತ್ತಾರೆ. ಹೊರಡುವ ದಿನ ಮಡಿಯಲ್ಲಿ ಅಡುಗೆ ಮುಗಿಸಿ ನಿಂತಾಗ, ಗೂಟಕ್ಕೆ ನೇತುಹಾಕಿದ್ದ ಅತ್ತೆಯ ಧಾಬಳಿ ಚೀಲ ಕಣ್ಣಿಗೆ ಬಿತ್ತು. ಯುರೇಕಾ!

ಅದು ಅತ್ತೆಯ ಮಡಿಬಟ್ಟೆಯ ಚೀಲ. ಯಾರೂ ಮುಟ್ಟದಂತೆ ಒಣಗಿಸಿದ ಸೀರೆ, ದೇವರ ಪೂಜೆಗೆ ಉಡುವಂಥದ್ದು, ಅದರೊಳಗಿತ್ತು. ಚೀಲ ಉಣ್ಣೆಯದಾದ್ದರಿಂದ ಹೊರಗಿನಿಂದ ಯಾರು ಬೇಕಾದರೂ ಹಿಡಿಯಬಹುದು. ಒಳಗೆ ಕೈ ಹಾಕುವುದು ಮಾತ್ರ ಸ್ನಾನ ಮಾಡಿ ಮಡಿಯಾದವರು. ಪ್ರಪಂಚದ ಯಾವ ಬ್ಯಾಂಕಿನ ಲಾಕರಿಗೆ ಇಂಥ ಬೀಗವಿದೆ? ಅತ್ತೆಯ ಸೀರೆಯೊಂದಿಗೆ ನನಗೂ ಮಡಿಗೆ ಒಂದು ಪಟ್ಟೆ ಸೀರೆಯಿಡಲು ಅವರೇ ಹೇಳಿದ್ದರು. ಹಣವನ್ನು ಪಟ್ಟೆಯ ತುಂಡಿನಲ್ಲಿ ಸುತ್ತಿ, ಆ ಸೀರೆಯ ಮಡಿಕೆಯ ನಡುವೆ ಸೇರಿಸಿ, ಹಗ್ಗ ಬಿಗಿದೆ. ಗೌಪ್ಯತೆ ಮುಖ್ಯ. ಯಾರಿಗೂ ಹೇಳಲಿಲ್ಲ.

ಇಡುವಾಗ ನಾನು ಸ್ನಾನ ಮಾಡಿದ್ದೆ. ತೆಗೆಯುವಾಗ ಯಾರು ಸ್ನಾನ ಮಾಡಿರಬೇಕು ಎಂಬುದು ಯೋಜನೆಯಲ್ಲಿ ಇರಲಿಲ್ಲ.

ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸು. ದಾರಿಯ ಖರ್ಚಿಗೆ ಕೈಯಲ್ಲಿ ಇಟ್ಟುಕೊಂಡಿದ್ದ ಚಿಲ್ಲರೆ ಸುನೌಲಿ ಗಡಿಗೆ ಬರುವಷ್ಟರಲ್ಲಿ ಲೆಕ್ಕ ಹಾಕಿದಂತೆಯೇ ಮುಗಿಯಿತು. ತೊಂಬತ್ತೆರಡು ಅಂದರೆ ಸುಮ್ಮನೆಯೇ! ಬೆಳಗ್ಗೆ ಹತ್ತು ಗಂಟೆಗೆ ಕಮಾನಿನ ಕೆಳಗೆ ನಡೆದು ನಾವು ವಿದೇಶಕ್ಕೆ ಕಾಲಿಟ್ಟೆವು. ಅತ್ತೆ ಆ ಗೆರೆಯ ಹತ್ತಿರ ಒಂದು ಕ್ಷಣ ನಿಂತು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಜೀಪು ಗೊತ್ತುಮಾಡಿದೆ. ಪೋಖ್ರಾಕ್ಕೆ ಎಂಟೊಂಬತ್ತು ತಾಸು. ಈಗ ಹೊರಟರೆ ಸಂಜೆ ತಲುಪಬಹುದು.

"ಪೈಸಾ ಪಹಲೇ, ಭಾಭೀಜಿ," ಎಂದ ಡ್ರೈವರು, ಸಾಮಾನನ್ನು ಟಾಪಿಗೆ ಕಟ್ಟುತ್ತ.

"ಕೊಡು," ಎಂದರು ಸುಮಧ್ವ ನನ್ನ ಕಡೆ ತಿರುಗಿ.

"ಕೊಡ್ತೀನಿ. ಹಣ ಸುರಕ್ಷಿತವಾಗಿದೆ."

"ಎಲ್ಲಿ?"

ನಾನು ಬೆರಳು ತೋರಿಸಿದೆ. ಆಗಲೇ ಜೀಪು ಹತ್ತಿ ಕೂತಿದ್ದ ಅತ್ತೆ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದ ಧಾಬಳಿ ಚೀಲದ ಕಡೆ.

ಸುಮಧ್ವರ ಮುಖ ಬಿಳುಚಿತು. "ಅಮ್ಮನ ಮಡಿಚೀಲದಲ್ಲಾ?"

"ಅತ್ಯಂತ ಭದ್ರವಾದ ಜಾಗ," ಎಂದೆ. ಧ್ವನಿ ಯಾಕೋ ಸಣ್ಣದಾಗಿತ್ತು.

"ಭದ್ರ ಹೌದು! ನಮ್ಮಿಂದಲೂ ಭದ್ರ! ರೈಲು, ಬಸ್ಸು, ಊರವರನ್ನೆಲ್ಲ ಮುಟ್ಟಿ ಬಂದಿದ್ದೀವಿ. ಈಗ ಅದರೊಳಗೆ ಕೈ ಹಾಕಿದರೆ ನಾಳೆ ಮುಕ್ತಿನಾಥದಲ್ಲಿ ಅಮ್ಮ ಏನು ಉಟ್ಟುಕೊಂಡು ಪೂಜೆ ಮಾಡಬೇಕು?"

ನಲವತ್ತು ವರ್ಷ ಕಾದವರು ಮೈಲಿಗೆ ಸೀರೆಯುಟ್ಟು ದೇವರ ಮುಂದೆ ನಿಲ್ಲಬೇಕೇ? ಅಥವಾ ಗಡಿಯಿಂದಲೇ ಹಿಂದಿರುಗಿ ನಡೆಯಬೇಕೇ? ಎರಡಕ್ಕೂ ಕಾರಣ ನಾನೇ. ನನ್ನ ತೊಂಬತ್ತೆರಡು ಅಲ್ಲೇ ನೆಲಕ್ಕಿಳಿಯಿತು.

ಸುಮಧ್ವ ಮತ್ತೆ ಭಾರತಕ್ಕೆ ಓಡಿ, ಹೋದ ಹಾಗೇ ವಾಪಸ್ ಬಂದರು. ಎ.ಟಿ.ಎಂ.ಗೆ ಬೀಗ ಹಾಕಿತ್ತು. ಫೋನಿನಲ್ಲಿ ಕಳಿಸೋಣವೆಂದರೆ ಗಡಿ ದಾಟಿದ ಕೂಡಲೇ ನಮ್ಮಿಬ್ಬರ ಸಿಮ್ಮೂ ವೈರಾಗ್ಯ ತಾಳಿದ್ದವು. ಡ್ರೈವರು ಗಡಿಯಾರ ತೋರಿಸಿದ. ಹತ್ತು ನಿಮಿಷ, ಆಮೇಲೆ ಬೇರೆ ಸವಾರಿ.

"ಸಾತ್ವಿಕಾ, ನನ್ನ ಮಾತು ಕೇಳು, ನನ್ನ ಹತ್ರ..." ಅತ್ತೆ ಜೀಪಿನೊಳಗಿನಿಂದ ಕರೆದರು.

"ಬೇಡ ಅತ್ತೆ! ನೀವು ಚೀಲ ಮುಟ್ಟಲೇಬೇಡಿ! ನಾನೇ ಏನಾದರೂ ಮಾಡ್ತೀನಿ!"

ಆಗ ಕಂಡಿತು, ರಸ್ತೆಯಂಚಿನಲ್ಲಿ ಒಂದು ಕೈಪಂಪು. ಮಿಂಚಿನಂತೆ ಹೊಳೆಯಿತು: ಒದ್ದೆಬಟ್ಟೆಯೇ ಮಡಿ! ತಲೆಯ ಮೇಲೆ ನೀರು ಹೊಯ್ದುಕೊಂಡು ಒದ್ದೆಯಲ್ಲೇ ಬಂದರೆ ಚೀಲ ಬಿಚ್ಚಲು ಯಾರ ಅಡ್ಡಿ?

"ರೀ, ಹೊಡೀರಿ ಪಂಪು!"

"ಇಲ್ಲಾ? ಇಷ್ಟು ಲಾರಿಯವರ ಮುಂದೆ?"

"ಹೊಡೀರಿ!"

ಸಲ್ವಾರ್ ಕಮೀಜಿನಲ್ಲೇ ಪಂಪಿನ ಬಾಯಿಗೆ ತಲೆಯೊಡ್ಡಿ ಕುಕ್ಕರುಗಾಲಲ್ಲಿ ಕೂತೆ. ಸುಮಧ್ವ ಹೊಡೆದರು. ಆಹಾ, ಏನು ಚಳಿ! ಸಾಲಾಗಿ ನಿಂತಿದ್ದ ಲಾರಿಗಳ ಕಿಟಕಿಗಳಿಂದ ತಲೆಗಳು ಹೊರಬಂದವು. ಒಬ್ಬ ಪೊಲೀಸಿನವನು ಲಾಠಿ ಆಡಿಸುತ್ತ ಬಂದ.

"ಕ್ಯಾ ಹುವಾ ಇನಕೋ?"

"ಪೂಜಾ ಹೈ, ಭೈಯಾ," ಎಂದರು ಸುಮಧ್ವ, ಪಂಪು ಬಿಡದೆ.

"ಬಾರ್ಡರ್ ಪರ್?"

"ಹಮಾರೇ ಯಹಾಂ ಐಸಾ ಹೀ ಹೈ." ನಮ್ಮಲ್ಲಿ ಹೀಗೇ ಅಂತೆ!

ಪೊಲೀಸಿನವನು ನನಗೆ ಕೈಮುಗಿದು ಹೋದ. ಹೀಗೆ ಗಡಿಯಲ್ಲಿ ಒಂದು ಹೊಸ ಸಂಪ್ರದಾಯವೇ ಹುಟ್ಟಿತು!

ಎದ್ದು ಹೊರಟೆ. ಕೂದಲಿನಿಂದ, ತೋಳಿನಿಂದ, ಚಪ್ಪಲಿಯಿಂದ ನೀರು. ಭಗೀರಥ ಕಂಡಿದ್ದರೆ ಹೆಮ್ಮೆಪಡುತ್ತಿದ್ದ. ಯಾರಿಗೂ ತಾಗದಂತೆ ಎರಡೂ ಕೈ ಮೇಲೆತ್ತಿಕೊಂಡು, "ಹಟೋ! ಹಟೋ!" ಎನ್ನುತ್ತ ಜೀಪಿನ ಹತ್ತಿರ ಬಂದು ನೋಡುತ್ತೇನೆ...

ಜೀಪಿನ ಬಾನೆಟ್ಟಿನ ಮೇಲೆ ಒಂದು ಕಾಡೇ ಹರಡಿತ್ತು. ಜಿಂಕೆ, ಘೇಂಡಾಮೃಗ, ಹುಲಿ, ಯಾಕ್. ಎಲ್ಲ ನೇಪಾಳದ ನೋಟಿನ ಮೇಲಿನವು! ಡ್ರೈವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಅವನ್ನು ಎಣಿಸುತ್ತಿದ್ದ. ಹಳೆಯ ರಾಜರ ಚಿತ್ರವಿದ್ದ ಒಂದು ನೋಟನ್ನು ಬೆಳಕಿಗೆ ಹಿಡಿದು ನಕ್ಕ. "ಮಾತಾಜಿ, ಇದರಲ್ಲಿ ಇನ್ನೂ ಮಹಾರಾಜರಿದ್ದಾರೆ. ಇದು ಬಹಳ ಪುರಾನಾ."

"ಅದು ನನಗೇ ಇರಲಿ, ಕೊಡಪ್ಪ," ಎಂದರು ಅತ್ತೆ. ಅವರ ಸೊಂಟದ ಸಂಚಿ ಬಾಯಿ ತೆರೆದುಕೊಂಡಿತ್ತು.

ನಾನು ಕೈ ಮೇಲೆತ್ತಿಕೊಂಡೇ ನಿಂತಿದ್ದೆ. "ಅತ್ತೆ... ಇದೆಲ್ಲ ಎಲ್ಲಿಂದ ಬಂತು?"

"ದಕ್ಷಿಣೆ ತಟ್ಟೆಯಿಂದ. ನಿನ್ನ ಮಾವ ಬೇಡ ಅಂದಿದ್ದೆಲ್ಲ. ಯಾವತ್ತಾದರೂ ಹೋಗೋ ದಿನ ಬಂದರೆ ಇರಲಿ ಅಂತ, ಅರಿಸಿನದ ಡಬ್ಬಿಯಲ್ಲಿ ಹಾಕ್ತಾ ಬಂದೆ. ಹತ್ತು, ಇಪ್ಪತ್ತು... ನಲವತ್ತು ವರ್ಷ ಆಯ್ತಲ್ಲ."

ಹೌದು, ನೋಟುಗಳಿಂದ ಅರಿಸಿನದ ವಾಸನೆ ಬರುತ್ತಿತ್ತು. ಯಾತ್ರೆ ಮುಗಿಸಿ ಬಂದ ಒಬ್ಬೊಬ್ಬರ ಉಳಿಕೆಯಿಂದ ಅತ್ತೆ ತಮ್ಮ ಯಾತ್ರೆಯನ್ನು ಕೂಡಿಸುತ್ತಿದ್ದರು. ನಾನು ಒಲೆಗೆ ಹೋಗುತ್ತವೆ ಅಂದುಕೊಂಡಿದ್ದೆ.

"ಮೊದಲೇ ಹೇಳಬಾರದಿತ್ತಾ ಅತ್ತೆ?" ಹಲ್ಲು ಕಟಕಟ ಅನ್ನುತ್ತಿತ್ತು.

"ಬತ್ತಿ ಹೊಸೆಯುವಾಗ ಹೇಳೋಕೆ ಬಂದೆ. ಈಗಲೂ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಪಂಪಿನ ಕೆಳಗಿದ್ದೆ." ಅತ್ತೆ ಸರಿದು ಕೂತು ಜಾಗ ಮಾಡಿದರು. "ಹತ್ತು ಬೇಗ. ಹೋಗಲಿ ಬಿಡು, ನಿನ್ನ ಸ್ನಾನವಾದರೂ ಆಯ್ತು."

ಒಣಬಟ್ಟೆಯಿದ್ದ ಸೂಟ್‌ಕೇಸು ಟಾಪಿನ ಮೇಲೆ ತಾಡಪಾಲಿನ ಕೆಳಗೆ ಭದ್ರವಾಗಿತ್ತು! ಪೋಖ್ರಾದವರೆಗೆ ಹಿಮಾಲಯದ ಗಾಳಿ ನನ್ನನ್ನು ಹಪ್ಪಳದಂತೆ ಒಣಗಿಸಿತು. ಅತ್ತೆ ತಮ್ಮ ಶಾಲು ತೆಗೆದು ನನಗೆ ಹೊದಿಸಿದರು. ರಾತ್ರಿ ಹೋಟೆಲಿನಲ್ಲಿ ಸ್ನಾನ ಮಾಡಿ ಅವರೇ ಚೀಲ ಬಿಚ್ಚಿ ನನ್ನ ಖಜಾನೆಯನ್ನು ತೆಗೆದುಕೊಟ್ಟರು.

ಮರುದಿನ ಮುಕ್ತಿನಾಥದಲ್ಲಿ ನೂರೆಂಟು ಧಾರೆಗಳ ಕೆಳಗೆ ಅತ್ತೆ ಒಂದೊಂದಕ್ಕೂ ತಲೆಯೊಡ್ಡಿ ನಡೆದರು. ಮಂಡಿ ನೋವು ನೆನಪಿದ್ದಂತಿರಲಿಲ್ಲ. ಆಮೇಲೆ ಆ ಸೀರೆಯುಟ್ಟು ದೇವರ ಮುಂದೆ ನಿಂತಾಗ, ಮಹಾರಾಜರಿದ್ದ ನೋಟನ್ನು ಹುಂಡಿಗೆ ಹಾಕಿದರು. ಅವರ ಹಿಂದೆ ನಿಂತು ನಾನು ನೂರೆಂಟು ಸೀನು ಸೀನಿದೆ. ಸುಮಧ್ವ ಎಣಿಸಿದ್ದಾರಂತೆ. ಅವರಿಗೆ ಲೆಕ್ಕ ಬರುವುದಿಲ್ಲ ಎಂದು ಇನ್ನು ಮೇಲೆ ಹೇಳುವಂತಿಲ್ಲ.

ಇದೆಲ್ಲ ಆಗಿ ತಿಂಗಳಾಯಿತು. ಅರಿಸಿನದ ಡಬ್ಬಿ ಈಗ ಖಾಲಿ. ಮಾವ ಮುಂದಿನ ವರ್ಷ ತಾವೂ ಬರುತ್ತೇನೆ ಅಂದಿದ್ದಾರೆ, ಹಣಕಾಸಿನ ಖಾತೆ ಯಾರದೆಂದು ಯಾರೂ ಕೇಳಿಲ್ಲ, ನಾನೂ ಬಾಯಿ ಬಿಟ್ಟಿಲ್ಲ. ಇದನ್ನು ಬರೆಯಲು ಕೂತಾಗ ಕೆಳಗೆ ಠಪ್ ಎಂದು ಮೊದಲ ಕುಲ್ಹಡ್ ಒಡೆಯಿತು. ಈಗ ಜಗುಲಿಯಲ್ಲಿ ಮಾವನ ದನಿ ಕೇಳುತ್ತಿದೆ: "ಅಯ್ಯೋ, ಇದು ನೇಪಾಳದ್ದಲ್ಲವೇ ಸ್ವಾಮಿ, ಇದು ಇಲ್ಲಿ ನಡೆಯಲ್ಲ, ತಗೊಳ್ಳಿ ವಾಪಸ್..." ಕ್ಷಮಿಸಿ, ಆ ಯಾತ್ರಿಕರು ಅದನ್ನು ಜೇಬಿಗೆ ಹಾಕಿಕೊಳ್ಳುವ ಮೊದಲೇ ನಾನು ಒಂದು ಸಲ ಕೆಳಗೆ ಹೋಗಿ, ಅರಿಸಿನದ ಡಬ್ಬಿಗೆ...