ರಾಜ್ಯಕ್ಕೆ ನೂರಾ ಎಂಬತ್ತೇಳನೆಯವರು

ನಾನು ಜಗಳಗಂಟನಲ್ಲ. ಆದರೆ ನಮ್ಮ ಬ್ರ್ಯಾಂಡೆಲ್ ಕ್ರೀಕಿನ ಸರ್ಕಾರಿ ಶಾಲೆಗಳು ಇಡೀ ಒಹಾಯೋ ರಾಜ್ಯಕ್ಕೆ ನೂರಾ ಎಂಬತ್ತೇಳನೆಯ ಸ್ಥಾನದಲ್ಲಿವೆ, ಹೆದ್ದಾರಿ ದಾಟಿದರೆ ಸಿಗುವ ಫೇರ್‌ಹಿಲ್‌ನ ಶಾಲೆಗಳು ಒಂಬತ್ತನೆಯ ಸ್ಥಾನದಲ್ಲಿವೆ ಎಂದು ಭಾನುವಾರದ ಪತ್ರಿಕೆಯಲ್ಲಿ ಓದಿದ ಮೇಲೂ ಶಾಂತವಾಗಿ ಆಮ್ಲೆಟ್ ತಿನ್ನುವ ತಂದೆ ತಂದೆಯೇ ಅಲ್ಲ. (ತಿಂದೆ, ನಿಜ. ಆದರೆ ಶಾಂತವಾಗಿ ಅಲ್ಲ.)

"ಡೊರೀನ್, ನಾವು ಮನೆ ಬದಲಾಯಿಸಬೇಕು" ಎಂದೆ.

ನನ್ನ ಹೆಂಡತಿ ಕಾಫಿ ಬಗ್ಗಿಸುತ್ತಲೇ, "ಯಾಕೆ, ಈ ಮನೆಗೇನಾಯ್ತು?" ಎಂದಳು.

"ಮನೆಗೇನೂ ಆಗಿಲ್ಲ. ಮನೆ ಇರೋ ಜಾಗಕ್ಕೆ ಆಗಿದೆ. ಇಲ್ಲಿದ್ರೆ ನೋರಾ ಇಲ್ಲಿನ ಶಾಲೆಗೇ ಹೋಗ್ಬೇಕು. ಹೆದ್ದಾರಿ ಆಚೆ ಇದ್ರೆ ಒಂಬತ್ತನೇ ನಂಬರ್ ಶಾಲೆಗೆ ಹೋಗ್ತಾಳೆ. ನೂರಾ ಎಂಬತ್ತೇಳು ಅಂದ್ರೆ ಏನು ಗೊತ್ತಾ ನಿಂಗೆ?"

"ನೂರಾ ಎಂಬತ್ತೆಂಟಕ್ಕಿಂತ ಮೇಲೆ."

ಎಂಟನೆಯ ತರಗತಿಯಲ್ಲಿರುವ ನಮ್ಮ ಮಗಳು ನೋರಾ ತಟ್ಟೆ ತೊಳೆದಿಟ್ಟು ನೆಲಮಾಳಿಗೆಗೆ ಇಳಿದು ಟ್ರಾಂಬೋನ್ ಊದತೊಡಗಿದಳು. ಶಾಲೆಯ ಬ್ಯಾಂಡಿನಲ್ಲಿ ಅವಳಿಗೆ ಆಗಷ್ಟೇ ಜಾಗ ಸಿಕ್ಕಿತ್ತು. ಈ ಉದ್ದನೆಯ ಹಿತ್ತಾಳೆ ವಾದ್ಯವನ್ನು ಕಲಿತವರು ಊದಿದರೆ ಗಂಭೀರ ನಾದ. ಕಲಿಯುವವರು ಊದಿದರೆ ಕರು ಕಳೆದುಕೊಂಡ ಎಮ್ಮೆ. ಅವತ್ತು ಎಮ್ಮೆ ಬಹಳ ದುಃಖದಲ್ಲಿತ್ತು.

"ಕೇಳಿಸ್ತಾ?" ಎಂದಳು ಡೊರೀನ್.

"ಅಭ್ಯಾಸ ಮಾಡ್ತಿದ್ದಾಳೆ."

"ಅಳ್ತಿದ್ದಾಳೆ, ಲೆನ್. ಕಣ್ಣಲ್ಲಿ ಅಳೋದು ಅವಳ ಸ್ವಭಾವ ಅಲ್ಲ."

ಆದರೂ ಮುಂದಿನ ಶನಿವಾರ ಫೇರ್‌ಹಿಲ್‌ನಲ್ಲಿ ಮನೆ ನೋಡಲು ಹೊರಟಾಗ ಡೊರೀನ್ ತಾನಾಗಿಯೇ ಕಾರು ಹತ್ತಿದಳು. ತುಟಿಗೆ ಬಣ್ಣ ಬೇರೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆಗಲೇ ಸಂಶಯ ಬರಬೇಕಿತ್ತು.

ಮನೆಯ ಯಜಮಾನ ವರ್ನನ್ ಪೆಟ್ಟಿಬೋನ್ ದಲ್ಲಾಳಿಯಿಲ್ಲದೆ ತಾನೇ ಮನೆ ಮಾರುತ್ತಿದ್ದ. ಮಹಡಿ, ಹಿತ್ತಲು ಎಲ್ಲ ತೋರಿಸಿ ಅಡುಗೆಮನೆಗೆ ಕರೆತಂದ. ಅವನ ಹೆಂಡತಿ ಗೇಲ್ ದಾಲ್ಚಿನ್ನಿ ಕೇಕ್ ಕೊಯ್ಯುತ್ತ, "ನೀವೀಗ ಇರೋದೆಲ್ಲಿ?" ಎಂದು ಕೇಳಿದಳು.

ನಾನು ದನಿ ತಗ್ಗಿಸಿ "ಬ್ರ್ಯಾಂಡೆಲ್ ಕ್ರೀಕ್" ಎಂದೆ.

ಚಾಕು ನಿಂತಿತು. "ಆ ಒಳ್ಳೆ ಬ್ಯಾಂಡ್ ಇರೋ ಊರಾ? ನಾವು ಮನೆ ಮಾರ್ತಿರೋದೇ ಅಲ್ಲಿಗೆ ಬರೋಕೆ. ನಮ್ಮ ಎಲಿಯಟ್‌ಗೆ ಡ್ರಮ್ ಅಂದ್ರೆ ಜೀವ. ಇಲ್ಲಿ ಬ್ಯಾಂಡ್ ತೆಗೆದು ಆ ಹೊತ್ತಿಗೆ ಇನ್ನೊಂದು ಗಣಿತ ಹಾಕಿದ್ದಾರೆ. ಮಗು ನಗೋದೇ ಮರೆತುಬಿಟ್ಟಿದೆ."

ವರ್ನನ್ ತಲೆ ಕೆರೆದುಕೊಂಡ. "ನನಗೇ ಸ್ವಲ್ಪ ಅನುಮಾನ. ನೂರಾ ಎಂಬತ್ತೇಳನೇ ನಂಬರಂತೆ. ಅಲ್ಲಿ ಮೇಷ್ಟ್ರುಗಳಾದ್ರೂ ಇದ್ದಾರಾ?"

ನಮ್ಮ ಸೂರು ಸೋರುತ್ತದೆ ಎಂದು ನಾವು ಬೈಯಬಹುದು. ದಾರಿಹೋಕ ಬೈದರೆ ರಕ್ತ ಕುದಿಯುತ್ತದೆ.

"ಏನ್ರೀ ಹಾಗಂದ್ರೆ?" ಎಂದು ಎದ್ದು ನಿಂತೆ. "ಚಳಿಗಾಲದಲ್ಲಿ ಕರೆಂಟ್ ಹೋದಾಗ ನಮ್ಮ ವಿಜ್ಞಾನದ ಮೇಡಂ ಕ್ಲಾಸಲ್ಲಿ ಮರಿ ಮಾಡೋಕಿಟ್ಟಿದ್ದ ಕೋಳಿಮೊಟ್ಟೆಗಳನ್ನ ತಮ್ಮ ಕೋಟಿನೊಳಗೆ ಇಟ್ಕೊಂಡು ಪಾಠ ಮಾಡಿದ್ರು. ಅಲ್ಲಾಡದೆ. ನಿಮ್ಮ ಒಂಬತ್ತನೇ ನಂಬರಲ್ಲಿ ಯಾರಾದ್ರೂ ಕಾವು ಕೂತಿದ್ದಾರಾ? ನಮ್ಮ ನೋರಾಗೆ ಎರಡನೇ ಕ್ಲಾಸಲ್ಲಿ ಓದೋಕೇ ಬರ್ತಿರ್ಲಿಲ್ಲ. ಲೈಬ್ರರಿ ಮೇಡಂ ವರ್ಷವಿಡೀ ತಮ್ಮ ಊಟದ ಹೊತ್ತಲ್ಲಿ ಅವಳ ಪಕ್ಕ ಕೂತು ಓದಿಸಿದ್ರು. ಅದಕ್ಕೆ ಯಾವ ನಂಬರ್ ಕೊಡ್ತೀರಿ, ಹೇಳಿ."

ಗೇಲ್ ಕಣ್ಣೊರೆಸಿಕೊಂಡಳು. ಡೊರೀನ್ ಇದನ್ನೇ ಕಾಯುತ್ತಿದ್ದವಳಂತೆ ನನ್ನನ್ನೇ ನೋಡುತ್ತ ಎರಡನೆಯ ತುಂಡು ಕೇಕ್ ತಿನ್ನುತ್ತಿದ್ದಳು.

"ಹಾಗಾದ್ರೆ ಮನೆಗಳನ್ನೇ ಅದಲುಬದಲು ಮಾಡ್ಕೊಂಡುಬಿಡೋಣ" ಎಂದ ವರ್ನನ್. "ನೀವಿಲ್ಲಿಗೆ, ನಾವಲ್ಲಿಗೆ."

"ನಮ್ಮದು ಮಾರೋಕಿಲ್ಲ" ಎಂಬ ಮಾತು ಬಾಯಿಂದ ಬಿದ್ದೇಹೋಯಿತು.

"ಯಾಕೆ ಲೆನ್?" ಡೊರೀನಳ ದನಿ ಬೆಣ್ಣೆಯಂತಿತ್ತು. "ಒಂಬತ್ತನೇ ನಂಬರ್."

ನಾನು ಬಾಯಿ ತುಂಬ ಕೇಕ್ ತುರುಕಿಕೊಂಡೆ. ತಿನ್ನುವವನು ಉತ್ತರಿಸಬೇಕಿಲ್ಲ ಎಂಬುದು ಸಭ್ಯ ಲೋಕದ ನಿಯಮ.

ನಾವು ಇದ್ದಲ್ಲೇ ಉಳಿದೆವು. ಪೆಟ್ಟಿಬೋನ್ ದಂಪತಿಯೇ ಬಂದು ನಮ್ಮ ಹಿತ್ತಲಿಗೆ ಅಂಟಿದ ಮನೆಯನ್ನು ಕೊಂಡರು. ಎಲಿಯಟ್ ಈಗ ನಗುತ್ತಾನೆ, ನಗುತ್ತಲೇ ಬಡಿಯುತ್ತಾನೆ. ವರ್ನನ್ ಸುಮ್ಮನಿರದೆ ನನ್ನ ಭಾಷಣದ ಖ್ಯಾತಿಯನ್ನು ಊರೆಲ್ಲ ಹರಡಿದ. ಅಂದಿನಿಂದ ಇಲ್ಲಿ ಮನೆ ಹುಡುಕಿ ಬರುವವರನ್ನೆಲ್ಲ ಪೋಷಕರ ಸಂಘ ನಮ್ಮ ಜಗಲಿಗೇ ಅಟ್ಟುತ್ತದೆ. ಶನಿವಾರ ನೆಮ್ಮದಿಯಾಗಿ ಟಿವಿಯ ಮುಂದೆ ಕಾಲು ಚಾಚೋಣವೆಂದರೆ ಡೊರೀನ್ ನನಗೆ ಒಗೆದ ಅಂಗಿ ತೊಡಿಸಿ, ಮಹಾವಿದ್ವಾಂಸನನ್ನು ವೇದಿಕೆಗೆ ದಬ್ಬುವಂತೆ, ಹೊರಗೆ ದಬ್ಬುತ್ತಾಳೆ.

ಮೊನ್ನೆ ಒಂದು ಜೋಡಿ ಬಂದಿತ್ತು. ನಮ್ಮ ಎಡಗಡೆಯ ಮನೆ ನೋಡಿದ್ದರಂತೆ, ಮನಸ್ಸು ಹೊಯ್ದಾಡುತ್ತಿತ್ತಂತೆ. ಮೊಟ್ಟೆಯ ಕಥೆ ಮುಗಿಯುವಷ್ಟರಲ್ಲಿ ಕರಗಿಹೋಗಿ, ತಗೊಂಡೇಬಿಡೋಣ ಅಂದರು. ಗೆದ್ದ ಸಂತೋಷದಲ್ಲಿ ನಾನು ಮಕ್ಕಳೆಷ್ಟು ಎಂದು ಕೇಳಿದೆ.

"ಅವಳಿ ಗಂಡುಮಕ್ಕಳು" ಎಂದಳಾಕೆ. "ಇಬ್ಬರೂ ಟ್ಯೂಬಾ ಊದ್ತಾರೆ."

(ಟ್ಯೂಬಾ ಎಂದರೆ ಹಿತ್ತಾಳೆ ಹಂಡೆಗೆ ಊದುಗೊಳವೆ ಸಿಕ್ಕಿಸಿದಂತಿರುವ ವಾದ್ಯ. ಒಮ್ಮೆ ಊದಿದರೆ ಕಿಟಕಿಯ ಗಾಜುಗಳು ಉತ್ತರ ಕೊಡುತ್ತವೆ.)

ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಡೊರೀನ್ ಬಾಗಿಲಿಗೆ ಬಂದಳು. "ಬಹಳ ಸಂತೋಷ. ಮಕ್ಕಳೆಲ್ಲ ನಮ್ಮ ಗ್ಯಾರೇಜಲ್ಲೇ ಒಟ್ಟಿಗೆ ಅಭ್ಯಾಸ ಮಾಡ್ಲಿ. ಲೆನ್ ಕಾರನ್ನ ಬೀದೀಲಿ ನಿಲ್ಲಿಸ್ತಾನೆ."

ಈಗ ಶನಿವಾರ ಬೆಳಗ್ಗೆ ಬೀದಿಯಲ್ಲಿ ನಿಂತು ಕಾರಿನ ಗಾಜಿನ ಹಿಮ ಕೆರೆಯುತ್ತೇನೆ. ನನ್ನ ಕೆರೆತ ಒಳಗಿನ ಬ್ಯಾಂಡಿನ ತಾಳ ತಪ್ಪಿದರೆ ನೋರಾ ಗ್ಯಾರೇಜಿನಿಂದ ತಲೆ ಹೊರಹಾಕಿ, "ಅಪ್ಪಾ, ಸ್ವಲ್ಪ ನಿಧಾನ" ಎನ್ನುತ್ತಾಳೆ.