ತಿರುಪ್ಪೂರ್ ಪುಳಿ

ಕರೆಂಟು ಹೋಗದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ತಮಿಳು ಸೀಮೆಯ ಸೋಮನೂರಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಮನೆಗೊಂದು ಶೆಡ್ಡು, ಶೆಡ್ಡಿನ ತುಂಬ ಕರೆಂಟಿನ ಮಗ್ಗ. ಬೆಳಗಾದರೆ ಇಡೀ ಊರೇ ಕಟಕಟ ಎನ್ನುತ್ತಿರುವಾಗ ಮೆಲ್ಲಗೆ ಮಾತಾಡಿದವನ ಮಾತು ಅವನಿಗೇ ಕೇಳಿಸದು. ಹಾಗಾಗಿ ಅಲ್ಲಿ ಗುಟ್ಟನ್ನು ಕೂಡ ಗಂಟಲು ಹರಿಯುವಂತೆ ಹೇಳುವುದು ವಾಡಿಕೆ. ಮಗ್ಗ ಓಡುತ್ತಿರುವಷ್ಟು ಹೊತ್ತು ಅದರಿಂದ ಯಾವ ಅಪಾಯವೂ ಇಲ್ಲ.

ಅವತ್ತು ಬೆಳಿಗ್ಗೆ ಶಿವಲಿಂಗಂ ತನ್ನ ಶೆಡ್ಡಿನ ಮೂಲೆಯಲ್ಲಿ ನಿಂತು ಅಂಥದೇ ಒಂದು ಗುಟ್ಟು ಹೇಳುತ್ತಿದ್ದ. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು. ಆ ಕಡೆ ಇದ್ದವನು ಸಿಂಗಾನಲ್ಲೂರಿನಲ್ಲಿ ನಟ್ಟು ಬೋಲ್ಟಿನ ಅಂಗಡಿ ಇಟ್ಟಿರುವ ಅವನ ಬಾಲ್ಯದ ಗೆಳೆಯ ಧನಪಾಲ್.

"ಎರಡೂ ಬಂತಾ? ಜರ್ಮನಿದೂ ಜಪಾನ್‌ದೂ? ಯಾರಿಗೂ ಕೊಡಬ್ಯಾಡ ಧನಪಾಲು! ಇವತ್ತೇ ಬತ್ತೀನಿ! ಆಹಾ, ತಿರುಪ್ಪುಳಿ ಅಂದ್ರೆ ಅದು..."

ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಬಾಯಿ ಮುಚ್ಚದೆ ಉಳಿದವನು ಶಿವಲಿಂಗಂ ಒಬ್ಬನೇ.

"...ತಿರುಪ್ಪುಳಿ!" ಎಂದು ಅವನ ಕೂಗು ಬೀದಿಯ ಆ ತುದಿಯವರೆಗೂ ಹೋಗಿ ಬಂತು.

ತಿರುಪ್ಪುಳಿ ಎಂದರೆ ಸ್ಕ್ರೂಡ್ರೈವರ್. ಆ ಬೀದಿಯವರು ಮನೆಯೊಳಗೆ ಕನ್ನಡ ಆಡಿದರೂ ಹೊಸ್ತಿಲು ದಾಟಿದರೆ ತಮಿಳು, ಮತ್ತು ಹೊಸ್ತಿಲು ದಾಟಿ ಬಂದ ಸಾಮಾನಿಗೆಲ್ಲ ತಮಿಳಿನದೇ ಹೆಸರು. ಬೇರೆಯವರಿಗೆ ಮಲ್ಲಿಗೆ ಮೊಗ್ಗು ಹೇಗೋ ಶಿವಲಿಂಗಂಗೆ ಆ ಹೆಸರು ಹಾಗೆ. ಬೇರೆ ಗಂಡಸರಿಗೆ ಬೀಡಿಯೋ ಇಸ್ಪೀಟೋ ಅಂಟಿಕೊಂಡ ಹಾಗೆ ಅವನಿಗೆ ಒಳ್ಳೆ ಹತ್ಯಾರಗಳ ಹುಚ್ಚು ಅಂಟಿತ್ತು. ಮಂಚದ ಕೆಳಗಿನ ಟ್ರಂಕಿನಲ್ಲಿ ಅವನ ಅಪ್ಪನ ಕಾಲದ ಸ್ಪ್ಯಾನರಿನಿಂದ ಹಿಡಿದು ಮೊನ್ನೆ ಮೊನ್ನೆ ತಂದ ಕಟಿಂಗ್ ಪ್ಲೇಯರಿನವರೆಗೆ ಎಲ್ಲವೂ ಎಣ್ಣೆ ಹಚ್ಚಿಸಿಕೊಂಡು, ಬಟ್ಟೆ ಹೊದ್ದು ಮಲಗಿದ್ದವು. ಆ ಪ್ಲೇಯರು ಬಂದ ದಿನವೇ ಹೆಂಡತಿ ಶೋಭನಾ ಸೆರಗು ಸಿಕ್ಕಿಸಿ ಹೇಳಿದ್ದಳು: "ಇನ್ನೊಂದು ಕಬ್ಬಿಣ ಈ ಮನೆ ಒಳಕ್ಕೆ ಬಂತೋ, ಟ್ರಂಕು ಹಳೆ ಕಬ್ಬಿಣದವನ ಗಾಡಿಗೆ." ಶೋಭನಾ ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ಆ ಮನೆಯ ಚರಿತ್ರೆಯಲ್ಲಿ ಇಲ್ಲ.

ಈಗ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಏನುಂಗ, ಏನೋ ತಿರುಪ್ಪುಳಿ ಅಂದಂಗಿತ್ತು?"

ಶಿವಲಿಂಗಂ ಫೋನನ್ನು ಜೇಬಿಗೆ ತುರುಕಿದ. ಕಷ್ಟಕಾಲದಲ್ಲಿ ನಾಲಿಗೆ ತಾನೇ ಒಂದು ದಾರಿ ಹುಡುಕಿಕೊಳ್ಳುತ್ತದೆ.

"ತಿರುಪ್ಪುಳಿ ಯಾರಂದ್ರು? ತಿರುಪ್ಪೂರ್ ಪುಳಿ! ತಿರುಪ್ಪೂರಿಂದ ಪುಳಿ ಬಂದದಂತೆ. ಹುಣಸೆಹಣ್ಣು. ಸಾರಿಗೆ ಹಾಕೋದಿಲ್ವಾ, ಅದು."

"ಸಾರಿಗೆ ಏನು ಹಾಕ್ತಾರೆ ಅಂತ ನನಗೆ ಗೊತ್ತು. ಬೋಲ್ಟು ಅಂಗಡಿ ಧನಪಾಲಣ್ಣ ಪುಳಿ ಯಾಕೆ ತರಿಸವ್ರೆ?"

"ಬೋಲ್ಟು ಯಾವಾರ ಡಲ್ಲು. ಪಕ್ಕದಲ್ಲಿ ಪುಳಿನೂ ಇಟ್ಟವ್ನೆ, ಪಾಪ. ಬಸ್ಸಲ್ಲಿ ಹೋಗಿ ಒಂದಿಷ್ಟು ತತ್ತೀನಿ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಾಂಪೌಂಡು ಗೋಡೆಯ ಮೇಲೆ ಪಕ್ಕದ ಮನೆಯ ರಾಜಾಮಣಿಯ ಮುಖ ಮೂಡಿತು. ರಾಜಾಮಣಿ ಬೀದಿಗೇ ದೊಡ್ಡಕ್ಕ. ಯಾರ ಮನೆಯಲ್ಲಿ ಏನು ಕುದಿಯುತ್ತಿದೆ ಎಂಬುದು ಒಲೆ ಹಚ್ಚಿದವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

"ತಂಬೀ, ಅದೇನು ಅಂಥಾ ಪುಳಿ? ಬೀದಿಗೆಲ್ಲ ಕೇಳೋ ಹಂಗೆ ಕೊಂಡಾಡ್ತಾ ಇದ್ದೆ?"

ಶಿವಲಿಂಗಂಗೆ ಹುಣಸೆಹಣ್ಣನ್ನು ಹೊಗಳಿ ಅಭ್ಯಾಸವಿರಲಿಲ್ಲ. ಅವನಿಗೆ ಹೊಗಳಲು ಬರುತ್ತಿದ್ದುದು ಒಂದೇ ಒಂದು ವಸ್ತುವನ್ನು. "ಅಕ್ಕಾ, ಕೈಯಲ್ಲಿ ಹಿಡಿದ್ರೆ ಜಾರಲ್ಲ. ತುದಿವರೆಗೂ ಗಟ್ಟಿ. ಎಷ್ಟು ವರ್ಷ ಇಟ್ರೂ ತುಕ್ಕು ಹಿಡಿಯಲ್ಲ."

"ತುಕ್ಕಾ?"

"ಹುಳ! ಹುಳ ಹಿಡಿಯಲ್ಲ ಅಂದೆ."

"ಹಂಗಾದ್ರೆ ನಮಗೂ ಬೇಕು" ಎಂದಳು ರಾಜಾಮಣಿ. "ಬಸ್ಸಲ್ಲಿ ಯಾಕೆ ಹೋಯ್ತೀಯ? ನಮ್ಮವರು ಚುಮ್ಮಾ ಕೂತವ್ರೆ, ಬೈಕಲ್ಲಿ ಕರ್ಕೊಂಡು ಹೋಗ್ತಾರೆ." ಒಳಗಿನಿಂದ ಅವಳ ಗಂಡ ವೆಲ್ಲಿಂಗಿರಿ ಆಗಲೇ ಹೆಲ್ಮೆಟ್ಟು ಹಾಕಿಕೊಂಡು, ಕೈಯಲ್ಲೊಂದು ಗೋಣಿಚೀಲ ಹಿಡಿದು ಹೊರಬಂದ.

ಬೈಕು ಹೊರಡುವಾಗ ಶೋಭನಾ ಕೂಗಿ ಹೇಳಿದಳು: "ಏನುಂಗ, ಬೀಜ ಇರೋದನ್ನೇ ತನ್ನಿ! ಬೀಜ ತೆಗೆದದ್ದು ಬ್ಯಾಡ!"

ದಾರಿಯುದ್ದಕ್ಕೂ ವೆಲ್ಲಿಂಗಿರಿ ಹುಣಸೆಹಣ್ಣಿನ ಬಗ್ಗೆಯೇ ಕೇಳಿದ. ಶಿವಲಿಂಗಂ ಹಿಂದೆ ಕುಳಿತು ಗಾಳಿಯಲ್ಲಿ ಏನೂ ಕೇಳಿಸದವನಂತೆ "ಆಮಾಣ್ಣಾ, ಆಮಾಣ್ಣಾ" ಎಂದು ಹೂಂಗುಟ್ಟುತ್ತ ಬಂದ. ಸಿಂಗಾನಲ್ಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಬಜ್ಜಿ ಕರಿಯುವ ಅಂಗಡಿ ಕಂಡದ್ದೇ ಅವನಿಗೆ ಹೋದ ಜೀವ ಬಂದಂತಾಯಿತು.

"ಅಣ್ಣಾ, ಗೋಣಿ ನನಗೆ ಕೊಟ್ಟು ನೀವು ಇಲ್ಲೇ ಕೂತು ಬಜ್ಜಿ ತಿನ್ನಿ. ಗೋಡೌನಲ್ಲಿ ಪುಳಿ ಧೂಳು, ನಿಮಗೆ ಸೀನು ಬಂದುಬಿಡ್ತದೆ."

ತನ್ನ ಸೀನಿನ ಬಗ್ಗೆ ಇಷ್ಟು ಕಾಳಜಿ ವಹಿಸಿದವರನ್ನು ವೆಲ್ಲಿಂಗಿರಿ ಅದುವರೆಗೆ ಕಂಡಿರಲಿಲ್ಲ. ಮೆಣಸಿನಕಾಯಿ ಬಜ್ಜಿಯ ಮುಂದೆ ಆರಾಮಾಗಿ ಕುಳಿತುಬಿಟ್ಟ.

ಧನಪಾಲ್ ಕಾಯುತ್ತಿದ್ದ. ಗಲ್ಲಾದ ಮೇಲೆ ಬಿಳಿ ಬಟ್ಟೆ ಹಾಸಿ, ಒಡವೆ ಅಂಗಡಿಯವನು ಸರ ಇಡುವಂತೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ. ಒಂದಕ್ಕೆ ಕರಿ ಹಿಡಿ, ಇನ್ನೊಂದಕ್ಕೆ ಕೆಂಪು.

"ನೋಡು" ಎಂದ. "ಕರೀದು ಜರ್ಮನಿ, ಕೆಂಪು ಜಪಾನು. ಒಂದನ್ನ ನೀನು ಎತ್ಕೋ, ಒಂದನ್ನ ನಾನು ಮಾರ್ತೀನಿ. ಯಾವುದು ಅಂತ ನೀನೇ ಹೇಳು."

ಶಿವಲಿಂಗಂ ಪ್ಯಾಂಟಿಗೆ ಕೈ ಒರೆಸಿಕೊಂಡು ಕರಿಯದನ್ನು ಎತ್ತಿದ. ಬೆರಳು ಒತ್ತುವ ಕಡೆಯೆಲ್ಲ ಹಿಡಿ ಮೆತ್ತಗಿತ್ತು. ಅಂಗೈ ಬೇಗ ಬೇಗ ತಿರುಗಿಸಬೇಕಾದ ಕಡೆ ಗಟ್ಟಿಯಾಗಿ ನುಣ್ಣಗಿತ್ತು. ಕೊರಳಿನ ಹತ್ತಿರ ಆರು ಮೂಲೆ. ಓರೆಯಾದ ಹಲಗೆಯ ಮೇಲೆ ಇಟ್ಟು ನೋಡಿದ, ಉರುಳಲಿಲ್ಲ. ತುದಿಯಲ್ಲಿ ಕಣ್ಣಿಗೆ ಬಿದ್ದೂ ಬೀಳದಂಥ ಸಣ್ಣ ಗೀರುಗಳು. ಧನಪಾಲ್ ಮರದ ತುಂಡಿಗೆ ಅರ್ಧ ಹೊಡೆದಿಟ್ಟಿದ್ದ ಸ್ಕ್ರೂವಿಗೆ ಇಟ್ಟು ತಿರುಗಿಸಿದರೆ, ಗೀರುಗಳು ಸ್ಕ್ರೂವಿನ ತಲೆಯನ್ನು ಕಚ್ಚಿ ಹಿಡಿದವು. ಮನೆಯಲ್ಲಿದ್ದ ಅವನ ಹಳೆಯ ತಿರುಪ್ಪುಳಿ ಸ್ಕ್ರೂವಿನ ಮೇಲೆ ಕೂರುವುದಕ್ಕಿಂತ ಜಾರಿ ಅವನ ಬೆರಳಿನ ಮೇಲೆ ಕೂತದ್ದೇ ಹೆಚ್ಚು.

"ಇದೇ" ಎಂದ ಶಿವಲಿಂಗಂ.

"ಕೆಂಪು ನೋಡು ಮೊದಲು."

ಕೆಂಪು ಹಿಡಿ ಗಿಡ್ಡ, ದಪ್ಪ, ಸೀಬೆಹಣ್ಣಿನಂತೆ ಅಂಗೈ ತುಂಬುತ್ತಿತ್ತು. ಉಕ್ಕಿನ ಸರಳು ಹಿಡಿಯೊಳಗೇ ಮುಗಿಯದೆ, ಇಡೀ ಹಿಡಿಯನ್ನು ಹಾದು ಹಿಂಭಾಗದ ಉಕ್ಕಿನ ಟೋಪಿಯವರೆಗೂ ಹೋಗಿತ್ತು. ತುಕ್ಕು ಹಿಡಿದು ಕೂತ ಸ್ಕ್ರೂ ಅಲುಗದಿದ್ದರೆ ಮೇಲಿಂದ ಸುತ್ತಿಗೆಯಲ್ಲಿ ಒಂದು ಕೊಡಬಹುದು, ಹಿಡಿಗೆ ಏನೂ ಆಗದು. ತುದಿಗೆ ಅಯಸ್ಕಾಂತ. ಸ್ಕ್ರೂವನ್ನು ಅದಕ್ಕೆ ಅಂಟಿಸಿ ತಲೆಕೆಳಗು ಹಿಡಿದರೂ ಬೀಳಲಿಲ್ಲ. ಮರದೊಳಗೆ ತಿರುಗಿಸಿದರೆ ಒಂದಿಷ್ಟೂ ಅಲ್ಲಾಡದೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

"ಇಲ್ಲ, ಇದೇ" ಎಂದ ಶಿವಲಿಂಗಂ. ಮತ್ತೆ ಕರಿಯದನ್ನು ಎತ್ತಿದ. ಮತ್ತೆ ಕೆಂಪು. ಮಗ್ಗದ ಅಡಿಯಲ್ಲಿ ಮಲಗಿ ಕೆಲಸ ಮಾಡುವಾಗ ಎಣ್ಣೆಗೈಗೆ ಕರಿಯದು ಸರಿ. ಹಟ ಹಿಡಿದ ಸ್ಕ್ರೂವಿಗೆ ಕೆಂಪೇ ಸರಿ. ಯಾವನೋ ಒಬ್ಬ, ಎಲ್ಲೋ ದೂರದ ದೇಶದಲ್ಲಿ ಕುಳಿತು, ತನ್ನ ಮುಖವನ್ನೇ ನೋಡದೆ, ತನ್ನ ಹೆಬ್ಬೆರಳು ಎಲ್ಲಿ ಬಂದು ಕೂರುತ್ತದೆಂದು ಯೋಚಿಸಿ ಅಲ್ಲೊಂದು ತಗ್ಗು ಮಾಡಿಟ್ಟಿದ್ದಾನೆ. ಸ್ವಂತ ಭಾವಮೈದುನ ಕೂಡ ತನ್ನ ಬಗ್ಗೆ ಅಷ್ಟು ಯೋಚಿಸಿರಲಿಲ್ಲ. ಶಿವಲಿಂಗಂ ಕಣ್ಣು ತೇವವಾಯಿತು.

"ಎರಡೂ ಕೊಡು" ಎಂದ.

"ಶೋಭನಾ?"

"ಅವಳಿಗೆ ನಾನು ಪುಳಿ ಅಂತ ಹೇಳಿವ್ನಿ."

ಧನಪಾಲ್‌ಗೆ ವಿಷಯ ಅರ್ಥವಾಗಿ ಅವನು ನಕ್ಕು ಮುಗಿಸುವಷ್ಟರಲ್ಲಿ ಶಿವಲಿಂಗಂ ಪಕ್ಕದ ದಿನಸಿ ಅಂಗಡಿಗೆ ಓಡಿ ಗೋಣಿಯ ಅರ್ಧಕ್ಕೆ ಹುಣಸೆಹಣ್ಣು ತುಂಬಿಸಿಕೊಂಡು ಬಂದ. ಎರಡು ತಿರುಪ್ಪುಳಿಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹಣ್ಣಿನ ನಟ್ಟನಡುವೆ ಹುದುಗಿಸಿ, ಗೋಣಿಯ ಬಾಯಿ ಕಟ್ಟಿದ. ಬಜ್ಜಿ ಮುಗಿಸಿ ಬಂದ ವೆಲ್ಲಿಂಗಿರಿ ಗೋಣಿಯನ್ನು ಎತ್ತಿ ನೋಡಿ, "ಪರವಾಗಿಲ್ಲ ತಂಬಿ, ಭಾರ ಅದೆ ಪುಳಿ" ಎಂದು ಮೆಚ್ಚಿದ.

ಮನೆ ತಲುಪುವ ತನಕ ಎಲ್ಲ ಸುಗಮ. ಗೋಣಿಯನ್ನು ಶೆಡ್ಡಿಗೆ ಒಯ್ದು, ಪಾಲು ಮಾಡುವ ನೆಪದಲ್ಲಿ ಕವರನ್ನು ತೆಗೆದು, ರಾತ್ರಿಗೆ ಟ್ರಂಕಿನ ತಳಕ್ಕೆ ಸೇರಿಸಿಬಿಡುವುದು ಎಂದು ಶಿವಲಿಂಗಂ ಲೆಕ್ಕ ಹಾಕಿದ್ದ. ಗೋಣಿಯನ್ನು ಮಗುವಿನಂತೆ ಅಪ್ಪಿಕೊಂಡು ಬೈಕಿನಿಂದ ಇಳಿದ. ಜಗುಲಿಯಲ್ಲಿ ಶೋಭನಾ, ರಾಜಾಮಣಿ ಇಬ್ಬರೂ ಮೊರ ಇಟ್ಟುಕೊಂಡು ಕೂತಿದ್ದರು.

ಆ ಗಳಿಗೆಗೇ ಕರೆಂಟು ಬಂತು. ಸ್ವಿಚ್ಚು ಆರಿಸದೆ ಹೋಗಿದ್ದ ಅವನ ಮಗ್ಗಗಳೆಲ್ಲ ಒಟ್ಟಿಗೆ ಎದ್ದು ಕಟಕಟ ಶುರುಮಾಡಿದವು.

"ಏನುಂಗ! ನೂಲು ಕಿತ್ತೋಯ್ತದೆ, ಓಡಿ!" ಎಂದು ಶೋಭನಾ ಕೂಗಿದಳು.

"ಗೋಣಿ..."

"ಪುಳಿ ಅಪ್ಕೊಂಡು ಯಾರಾದ್ರೂ ಮಗ್ಗಕ್ಕೆ ಹೋಯ್ತಾರಾ?" ಎಂದು ಗೋಣಿಯನ್ನು ಅವನ ತೋಳಿನಿಂದ ಎತ್ತಿಕೊಂಡಳು.

ಶಿವಲಿಂಗಂ ಓಡಿದ. ಕಿತ್ತ ಎಳೆಗಳನ್ನು ಕಟ್ಟುವಾಗ ಕಣ್ಣೆಲ್ಲ ಜಗುಲಿಯ ಕಡೆಗಿದ್ದು, ಗಂಟು ಹಾಕಿದ್ದೇ ಬಿಚ್ಚಿಕೊಳ್ಳುತ್ತಿತ್ತು. ಹೇಗೋ ಮುಗಿಸಿ ಜಗುಲಿಗೆ ಬಂದು ನೋಡಿದರೆ, ಇಬ್ಬರು ಹೆಂಗಸರೂ ಕಾಲು ಚಾಚಿ ಕುಳಿತಿದ್ದರು. ರಾಜಾಮಣಿಯ ಕೈಯಲ್ಲಿ ಜಪಾನು, ಶೋಭನಾ ಕೈಯಲ್ಲಿ ಜರ್ಮನಿ. ಹುಣಸೆಬೀಜಗಳು ಟಪ್ ಟಪ್ ಎಂದು ಎಗರಿ ಮೊರಕ್ಕೆ ಬೀಳುತ್ತಿದ್ದವು. ಆ ಸಣ್ಣ ಗೀರುಗಳಲ್ಲೆಲ್ಲ ಹುಳಿ ಮೆತ್ತಿಕೊಂಡಿತ್ತು.

"ತಂಬೀ, ಪುಳಿ ಸುಮಾರು" ಎಂದಳು ರಾಜಾಮಣಿ ಮಗ್ಗದ ಸದ್ದನ್ನು ಮೀರಿಸಿ. "ಆದ್ರೆ ಬೀಜ ತೆಗೆಯೋಕೆ ಕೊಟ್ಟವ್ರಲ್ಲ, ಇದು ರೊಂಬ ಚೆನ್ನಾಗದೆ! ಹಿಡಿ ನೋಡು, ಕೈ ತುಂಬ್ತದೆ!"

"ನಂದು ನೋಡಕ್ಕಾ" ಎಂದಳು ಶೋಭನಾ. "ಕೈಯೆಲ್ಲ ಅಂಟು, ಆದ್ರೂ ಜಾರಲ್ಲ. ಕೆಳಗಿಟ್ರೆ ಉರುಳೋದೂ ಇಲ್ಲ."

"ಉರುಳದಿದ್ರೆ ಏನು ಬಂತು? ಇದರ ತಲೆಗೆ ಕಬ್ಬಿಣದ ಟೋಪಿ ಅದೆ. ಚಟ್ನಿಗೆ ಬೆಳ್ಳುಳ್ಳಿನೂ ಜಜ್ಜಬಹುದು."

ಬೆಳ್ಳುಳ್ಳಿಯ ಮಾತು ಶಿವಲಿಂಗಂ ಎದೆಗೆ ನಾಟಿದ್ದರೂ, ಎರಡರ ಗುಣವನ್ನೂ ಇಬ್ಬರೂ ಎಷ್ಟು ಸರಿಯಾಗಿ ಹಿಡಿದಿದ್ದಾರೆ ಎಂದು ಒಳಗೊಳಗೇ ಮೆಚ್ಚಿಕೊಳ್ಳದೆ ಇರಲಾಗಲಿಲ್ಲ.

ಶೋಭನಾ ತಲೆ ಎತ್ತಿದಳು. ಮುಖದಲ್ಲಿ ಏನೂ ಇರಲಿಲ್ಲ. "ಏನುಂಗ, ಇದು ಪುಳಿ ಜೊತೆ ಧನಪಾಲಣ್ಣ ಫ್ರೀ ಕೊಟ್ಟದ್ದು ತಾನೆ? ನೀವು ತಂದದ್ದಲ್ಲವಲ್ಲ? ನೀವೇ ತಂದಿದ್ರೆ ಹೇಳಿಬಿಡಿ. ಹಳೆ ಕಬ್ಬಿಣದವರು ಈಗಷ್ಟೇ ಮೂಲೆ ಮನೆ ಹತ್ರ ನಿಂತಿದ್ರು."

ಬೀದಿಯ ಮೂಲೆಯಲ್ಲಿ ಗಾಡಿ ನಿಜವಾಗಿಯೂ ನಿಂತಿತ್ತು. ಶಿವಲಿಂಗಂ ಗಾಡಿಯನ್ನು ನೋಡಿದ, ಒಳಗೆ ಮಂಚದ ಕಡೆ ನೋಡಿದ, ಹುಳಿ ಮೆತ್ತಿದ ಜರ್ಮನಿಯನ್ನು ನೋಡಿದ.

"ಫ್ರೀನೇ" ಎಂದ.

"ಹಂಗಾದ್ರೆ ಇದು ನಂದು" ಎಂದು ರಾಜಾಮಣಿ ಜಪಾನನ್ನು ಸೊಂಟಕ್ಕೆ ಸಿಕ್ಕಿಸಿ, ಪಾಲಿನ ಹುಣಸೆಹಣ್ಣನ್ನು ಎತ್ತಿಕೊಂಡು ಮನೆಗೆ ಹೋದಳು.

ಉಳಿದದ್ದು ಗಂಡ ಹೆಂಡತಿ ಇಬ್ಬರೇ. ಮಗ್ಗಗಳು ಜೋರಾಗಿ ಓಡುತ್ತಿದ್ದವು. ಶೋಭನಾ ಜರ್ಮನಿಯನ್ನು ಸೆರಗಿನಲ್ಲಿ ಒರೆಸಿ, ಗಂಡನನ್ನು ನೋಡಿ, ಇಡೀ ದಿನದಲ್ಲಿ ಮೊದಲ ಸಲ ನಕ್ಕಳು. ಆಮೇಲೆ ಸೋಮನೂರಿನಲ್ಲಿ ಗುಟ್ಟು ಹೇಳುವ ರೀತಿಯಲ್ಲೇ ಗಂಟಲು ಬಿಚ್ಚಿ ಹೇಳಿದಳು:

"ನನ್ನ ಕಿವಿ ಚೆನ್ನಾಗೇ ಅದೆ! ಬೆಳಿಗ್ಗೆನೇ ಸರಿಯಾಗಿ ಕೇಳಿಸ್ತು! ನಾಳೆ ಇನ್ನೊಂದು ಸಲ ಹೋಗಿ ನಮ್ಮಮ್ಮನಿಗೂ ಒಂದು ತನ್ನಿ! ಪುಳಿ ತಕೊಂಡ್ರೆ..."

ಕರೆಂಟು ಹೋಯಿತು.

"...ತಿರುಪ್ಪುಳಿ ಫ್ರೀ ತಾನೆ!"

ಆ ಮಾತು ಬೀದಿಯ ತುದಿಯವರೆಗೂ ಹೋಯಿತು. ಆಮೇಲೆ ಒಂದೊಂದೇ ಮನೆಯ ಬಾಗಿಲು ತೆರೆದುಕೊಂಡಿತು, ಮತ್ತು ವೆಲ್ಲಿಂಗಿರಿ ಹೆಲ್ಮೆಟ್ಟು ಹಾಕಿಕೊಂಡು ಹೊರಬಂದ.